ಟಿಟಿಯಾತ್ರಿಕ ಭೇದವಿಚಾರ

ಲಕ್ಷಣ ಹೇಳದೆ ವಿಭಾಗಕ್ಕಿಳಿಯುವುದು ಶಾಸ್ತ್ರಸಮ್ಮತವಲ್ಲ. ‘ಊರು ಬಿಟ್ಟು ಕಾಡು ಹೊಗುವುದೇ ಪರಿಸರಪ್ರವಾಸ’ ಎಂದರೆ ಗಂಧದ ಕಳ್ಳನೂ ಪ್ರವಾಸಿಯಾಗುತ್ತಾನೆ, ಇದು ಅತಿವ್ಯಾಪ್ತಿ. ‘ಕಾಡನ್ನು ಕಣ್ಣಾರೆ ಕಾಣುವುದು’ ಎಂದರೆ ತೀರ್ಥಹಳ್ಳಿಯಿಂದ ಆಗುಂಬೆಯವರೆಗೂ ಕಿಟಕಿಗೊರಗಿ ಗೊರಕೆ ಹೊಡೆದ ದೊಡ್ಡ ಭಾವ ಹೊರಗುಳಿಯುತ್ತಾರೆ. ಅವರೂ ತಲೆಗಿಷ್ಟೆಂದು ದುಡ್ಡು ಕೊಟ್ಟವರೇ, ಆದ್ದರಿಂದ ಅವ್ಯಾಪ್ತಿ. ‘ಸದ್ದಿಲ್ಲದೆ ಕಾಡು ಸುತ್ತುವ ಕುಟುಂಬ’ ಎಂದರೆ ಅಸಂಭವ. ಇದಕ್ಕೆ ವ್ಯಾಖ್ಯಾನ ಬೇಡ.

ಹಾಗಾಗಿ ನಿರ್ದುಷ್ಟ ಲಕ್ಷಣವಿದು: ಒಂದು ಟಿಟಿಯಲ್ಲಿ ತುಂಬಿಕೊಂಡ ಬಂಧುವರ್ಗ ಕಾಡಂಚಿನವರ ಮನೆಯಲ್ಲಿ ದುಡ್ಡು ಕೊಟ್ಟು ಉಂಡು ಮಲಗಿ, ಆ ಊರಿನವರೇ ಒಬ್ಬರ ಹಿಂದೆ ನಡೆದು, ತನ್ನ ಕಸವನ್ನು ತಾನೇ ವಾಪಸು ಹೊತ್ತು ತರುವುದು. ಕೊನೆಯ ಮಾತನ್ನು ಕೈಬಿಟ್ಟರೆ ಉದಾಹರಣೆಗಳು ಧಾರಾಳವಾಗಿ ಸಿಗುತ್ತವೆ.

ಒಂದೇ ವಂಶ, ಒಂದೇ ಗಾಡಿ. ಇದರಲ್ಲಿ ಭೇದವೆಲ್ಲಿ ಎಂಬುದು ಪೂರ್ವಪಕ್ಷ. ಉತ್ತರ ಆಗುಂಬೆಯ ಕಾಡಿನಲ್ಲೇ ಹರಿದಾಡುತ್ತಿದೆ. ಬಹುಕಾಲ ಒಂದೇ ಪ್ರಭೇದವೆನಿಸಿಕೊಂಡಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದು ‘ಓಫಿಯೋಫೇಗಸ್ ಕಾಳಿಂಗ’ ಆಯಿತು. ಹಾವನ್ನೇ ಬಿಡಿಸಬಹುದಾದರೆ ಸೋದರತ್ತೆಯನ್ನು ಬಿಡಿಸಬಾರದೇಕೆ?

ಮೊದಲನೆಯದು ಭಕ್ಷಣಮಾರ್ಗಿ. ನೆಲಮಂಗಲದ ಟೋಲ್ ದಾಟುವ ಮೊದಲೇ ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆಯುವುದು ಇದರ ಗುರುತು. ಸಕ್ರೆಬೈಲಿನಲ್ಲಿ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೈ ತೊಳೆಸಿಕೊಳ್ಳುವಾಗಲೂ ಇದು ಕೇಳುವುದು, ಅವಕ್ಕೆ ತಿನ್ನಲು ಏನು ಕೊಡುತ್ತಾರೆ ಎಂದು.

ಎರಡನೆಯದು ವ್ಯಾಘ್ರಾಕಾಂಕ್ಷಿ, ವಯಸ್ಸು ಎಂಟರ ಆಸುಪಾಸು. ಎಲೆ ಗುಡ್ಡೆ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಕಾಳಿಂಗ ಎಂದರೂ, ಮರದ ಮೇಲೆ ಸಿಂಗಳೀಕ ಕೂತಿದೆ ಎಂದರೂ ಪ್ರತ್ಯುತ್ತರ ಒಂದೇ: ‘ಹುಲಿ ಎಲ್ಲಿ ಅಂಕಲ್?’

ಪ್ರತಿಬಿಂಬೋಪಾಸಕರು ಮೂರನೆಯವರು. ಜಲಪಾತಕ್ಕೆ ಬೆನ್ನು ಮಾಡಿ ನಿಂತಿರುತ್ತಾರೆ, ಮುಂದೆ ಸಾಗೋಣ.

ನಾಲ್ಕನೆಯದು ತಂಬುಳಿಶಾಸ್ತ್ರಿ, ಅಂದರೆ ಅಜ್ಜಿ. ಮಂಡಿನೋವಿನ ನೆಪದಲ್ಲಿ ಈಕೆಯನ್ನು ಬಿಟ್ಟುಹೋಗುವ ಆಲೋಚನೆಯಿತ್ತು. ಗೈಡು ‘ಗಾರ್ಸೀನಿಯ ಇಂಡಿಕ’ ಎನ್ನುವಷ್ಟರಲ್ಲಿ ಈಕೆ ‘ಮುರುಗಲು ಕಣೋ, ಸಿಪ್ಪೆ ಒಣಗಿಸಿಟ್ಟರೆ ಸಾರಿಗಾಗತ್ತೆ’ ಎಂದು ಮುಗಿಸಿರುತ್ತಾಳೆ. ಒಂದೆಲಗ ಮಜ್ಜಿಗೆಗೆ, ಕೆಸುವಿನೆಲೆ ಪತ್ರೊಡೆಗೆ, ತುರಿಸದಂತೆ ಹುಳಿ ಮುಂದಾಗಿ. ಲಿನಿಯಸ್ ಹೂವಿನ ಕೇಸರ ಎಣಿಸಿ ಗಿಡಗಳನ್ನು ವಿಂಗಡಿಸಿದ. ಈಕೆ ನಾಲಿಗೆಯಿಂದ ವಿಂಗಡಿಸುತ್ತಾಳೆ, ನನ್ನ ಮಟ್ಟಿಗೆ ಈ ಪದ್ಧತಿಯೇ ಹೆಚ್ಚು ಬಾಳಿಕೆಯದು. ಅಭಯಾರಣ್ಯದಲ್ಲಿ ಎಲೆ ಕೀಳುವಂತಿಲ್ಲವಾಗಿ ಪ್ರಯೋಗಭಾಗವೆಲ್ಲ ಹೋಂಸ್ಟೇಯ ಹಿತ್ತಲಿನಲ್ಲಿ. ಸಂಜೆಯೊಳಗೆ ಮನೆಯೊಡತಿ ಶಿಷ್ಯೆಯೋ ಗುರುವೋ ತಿಳಿಯದಂತಾಗಿತ್ತು.

ಇಷ್ಟು ಕಷ್ಟಪಟ್ಟು ಕಟ್ಟಿದ ಭೇದವಾದವನ್ನು ಒಪ್ಪದ ಅದ್ವೈತಿ ಆ ಕಾಡಿನಲ್ಲಿ ಒಂದಿದೆ: ಉಂಬಳ. ಅದಕ್ಕೆ ಉಸಿರು, ಮೈಕಾವು, ಹೆಜ್ಜೆಯ ಅದುರು ಸಿಕ್ಕರೆ ಸಾಕು. ಭಕ್ಷಣಮಾರ್ಗಿಯೂ ಒಂದೇ, ಉಪಾಸಕರೂ ಒಂದೇ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ್ದರಿಂದ, ಹೊಟ್ಟೆ ತುಂಬಿ ಉದುರಿದ ಮೇಲೂ ಕಾಲುಚೀಲ ಕೆಂಪಾಗುತ್ತಲೇ ಇರುತ್ತದೆ. ಅಜ್ಜಿ ಎಲೆಯಡಿಕೆ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು. ನಾಲ್ಕೂ ವರ್ಗಗಳು ಪ್ಯಾಂಟು ಮಡಿಸಿ ಸಾಲು ನಿಂತವು, ದೊಡ್ಡ ಭಾವನೂ ಎದ್ದು ಬಂದರು. ವ್ಯಾಘ್ರಾಕಾಂಕ್ಷಿ ಮಾತ್ರ ಸುಣ್ಣ ಬೇಡವೆಂದು ಹಟ ಹಿಡಿದ: ಕಾಡುಪ್ರಾಣಿ ಕಚ್ಚಿದ್ದನ್ನು ಮೊದಲು ಫೋಟೋ ತೆಗೆಯಬೇಕಂತೆ.