ಕಾಗೆ ಕೂತಿತು, ಕೊಂಬೆ ಮುರಿಯಿತು

ನಮ್ಮ ಲಷ್ಕರ್ ಮೊಹಲ್ಲಾದಲ್ಲಿ ಇಂಗ್ಲಿಷ್ ಓದದವರ ಬಾಯಲ್ಲೂ ಸಂಬಂಧ ಹೇಳುವ ಇಂಗ್ಲಿಷ್ ಪದಗಳು ಸಲೀಸಾಗಿ ಓಡಾಡುತ್ತವೆ. ಕರೆಂಟಿಗೆ ಕನೆಕ್ಷನ್, ನಲ್ಲಿಗೆ ಕನೆಕ್ಷನ್, ಗ್ಯಾಸಿಗೂ ಕನೆಕ್ಷನ್. ಆಧಾರಿಗೂ ಪ್ಯಾನಿಗೂ ಲಿಂಕ್. ಬಾಡಿಗೆ ಮನೆ ನೋಡಲು ಬಂದವರು ಬಾಗಿಲಲ್ಲೇ ನಿಂತು ಬಾತ್‌ರೂಮು ಅಟ್ಯಾಚ್ಡಾ ಅಂತ ಕೇಳುತ್ತಾರೆ. ಅಶೋಕ ರಸ್ತೆಯ ಅಂಗಡಿಯವರಿಗೆ ಬೆಂಗಳೂರಿನ ಪಾರ್ಟಿ ಜೊತೆ ಕಾಂಟ್ಯಾಕ್ಟ್ ಇರುತ್ತದೆ. ಊರು ಬಿಟ್ಟ ಗೆಳೆಯನ ಜೊತೆ ಟಚ್ ತಪ್ಪಿರುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ನಮ್ಮ ಮೈಸೂರಿಗೆ. ತಂತಿಯ ಹಿಂದೆಯೇ ಈ ಪದಗಳೂ ಮನೆಯೊಳಗೆ ಬಂದಿರಬೇಕು. ತಂತಿಗೆ, ಕೊಳವೆಗೆ ಅವು ಚೆನ್ನಾಗಿಯೇ ಒಗ್ಗಿವೆ, ಇರಲಿ.

ನನ್ನ ತಕರಾರು ಬೇರೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಎಷ್ಟು ಗಟ್ಟಿ, ಎಷ್ಟು ಸಡಿಲ ಅಂತ ತೂಗಿ ಹೇಳುವ ಪದಗಳು ಇಂಗ್ಲಿಷಿನಲ್ಲಿವೆ. ಅವನ್ನು ನಾವು ತಂದುಕೊಳ್ಳಲಿಲ್ಲ. ನಮ್ಮಲ್ಲೇ ಇರುವ ಅಂಥ ಮಾತುಗಳನ್ನು ಬೇಕಾದ ಕಡೆ ಬಳಸುತ್ತಲೂ ಇಲ್ಲ.

ಈ ವಿಷಯ ಎದ್ದದ್ದು ಪಕ್ಕದ ಮನೆಯ ಆಪಾ ಕೇಳಿದ ಪ್ರಶ್ನೆಯಿಂದ. ಕಾಂಪೌಂಡ್ ಗೋಡೆಯ ಮೇಲೆ ಪೇಪರ್ ಹರವಿಕೊಂಡು ನಿಂತಿದ್ದರು. "ಮೇಡಂ, ಇಲ್ಲಿ ನೋಡಿ. ಬೆಳಗಿನ ತಿಂಡಿ ಬಿಟ್ಟರೆ ಸಕ್ಕರೆ ಕಾಯಿಲೆ ಬರುತ್ತಂತೆ. ಮತ್ತೆ ನಾವು ರಂಜಾನಿನಲ್ಲಿ ತಿಂಗಳಿಡೀ ರೋಜಾ ಇರ್ತೀವಲ್ಲ, ಏನ್ ಮಾಡೋದು?"

ಆ ಸುದ್ದಿಯ ಇಂಗ್ಲಿಷ್ ಮೂಲವನ್ನು ಮೊಬೈಲಿನಲ್ಲಿ ತೆಗೆದು ನೋಡಿದೆ. ಅಲ್ಲಿದ್ದದ್ದು 'ಲಿಂಕ್ಡ್ ಟು' ಅಂತ. ತಿಂಡಿ ಬಿಡುವವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡುಬಂದಿದೆ ಅನ್ನುವಷ್ಟೇ ಅದರ ಅರ್ಥ. ಕನ್ನಡಕ್ಕೆ ಬರುವಾಗ ಅದು 'ತಿಂಡಿ ಬಿಟ್ಟರೆ ಬರುತ್ತದೆ' ಆಗಿಬಿಟ್ಟಿದೆ. "ಆಪಾ, ತಿಂಡಿ ಬಿಡೋರು ಯಾರು ಯೋಚನೆ ಮಾಡಿ. ರಾತ್ರಿ ಬಹಳ ಹೊತ್ತು ಎದ್ದಿರೋರು, ಸಿಗರೇಟು ಸೇದೋರು, ಕೂತಲ್ಲೇ ಕೆಲಸ ಮಾಡೋರು ಅವರಲ್ಲಿ ಜಾಸ್ತಿ ಇರಬಹುದು. ಕಾಯಿಲೆ ಅದರಿಂದ ಬಂತೋ, ತಿಂಡಿ ಬಿಟ್ಟಿದ್ದರಿಂದ ಬಂತೋ?" ಅಂದೆ. ಆಗಲೇ ಸಕ್ಕರೆ ಕಾಯಿಲೆ ಇರುವವರು ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು, ಅದನ್ನೂ ಹೇಳಿದೆ. ಆದರೆ ಆ ತಲೆಬರಹ ಅವರನ್ನು ಹೆದರಿಸಿದ್ದು ಅನ್ಯಾಯ.

ಇಂಗ್ಲಿಷಿನಲ್ಲಿ ಸಂಶೋಧನೆ ಬರೆಯುವವರು ಇದರಲ್ಲಿ ಬಹಳ ಹುಷಾರು. 'ಅಸೋಸಿಯೇಟೆಡ್ ವಿತ್' ಅಂದರೆ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ, ಅಷ್ಟೆ. 'ಕೋರಿಲೇಟೆಡ್' ಅಂದರೆ ಒಂದು ಏರಿದಾಗ ಇನ್ನೊಂದು ಏರುತ್ತದೆ ಅಥವಾ ಇಳಿಯುತ್ತದೆ. ಇದನ್ನು ನಮ್ಮ ಪಠ್ಯಪುಸ್ತಕಗಳು ಸಹಸಂಬಂಧ ಅನ್ನುತ್ತವೆ. 'ಕಾಂಟ್ರಿಬ್ಯೂಟ್ಸ್' ಅಂದರೆ ಇದರ ಕೈವಾಡವೂ ಇದೆ, ಇದೊಂದೇ ಅಲ್ಲ. 'ಕಾಸಸ್' ಅಂದಾಗ ಮಾತ್ರ ಇದೇ ಕಾರಣ. ಒಂದು ಪದದಿಂದ ಮುಂದಿನ ಪದಕ್ಕೆ ಹೋಗಲು ವರ್ಷಗಟ್ಟಲೆ ದುಡಿಯಬೇಕು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ 1950ರಲ್ಲಿ ಅಂಕಿಅಂಶ ಸಮೇತ ತೋರಿಸಿದರು. ಆಮೇಲೆ ಸಾವಿರಾರು ವೈದ್ಯರ ಸೇದುವ ಅಭ್ಯಾಸ ಬರೆದುಕೊಂಡು, ಅವರ ಆರೋಗ್ಯವನ್ನು ವರ್ಷಗಳ ಕಾಲ ಹಿಂಬಾಲಿಸಿದರು. ಅಮೆರಿಕದ ಸರ್ಜನ್ ಜನರಲ್ ವರದಿ ಧೂಮಪಾನವೇ ಕಾರಣ ಎಂದು ಸಾರಿದ್ದು 1964ರಲ್ಲಿ. ಬರಿಯ ನಂಟನ್ನು ಕಾರಣ ಅನ್ನಬೇಕಾದರೆ ಏನೇನು ನೋಡಬೇಕು ಎಂದು ಹಿಲ್ 1965ರಲ್ಲಿ ಒಂಬತ್ತು ಅಂಶ ಹೇಳಿದರು: ನಂಟು ಬಲವಾಗಿದೆಯೇ, ಬೇರೆ ಬೇರೆ ಕಡೆಯೂ ಕಂಡಿದೆಯೇ, ಕಾರಣ ಅನ್ನುವುದು ಮೊದಲು ಬಂತೇ, ಹೆಚ್ಚು ಸೇದಿದವರಿಗೆ ಹೆಚ್ಚು ಕಾಯಿಲೆಯೇ, ಹೀಗೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವ ಜಿಲ್ಲೆ ನಮ್ಮದು. ಬೀಡಿ ಸಿಗರೇಟಿನ ಮೇಲೆ ಎಚ್ಚರಿಕೆ ಓದುವಾಗ, ಅಲ್ಲಿರುವ ಒಂದು ಗಟ್ಟಿ ಪದದ ಹಿಂದೆ ಇಷ್ಟೊಂದು ದುಡಿಮೆ ಇದೆ ಅಂತ ನಮಗೆ ಗೊತ್ತಿರಬೇಕು.

"ಇಷ್ಟೆಲ್ಲ ನಮ್ಮ ಭಾಷೆಯಲ್ಲಿ ಹೇಳೋಕಾಗುತ್ತಾ?" ಅಂದರು ಆಪಾ. ಆಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ನಮ್ಮ ಅಜ್ಜಿಯರು ಎಂದಿನಿಂದಲೋ ಹೇಳುತ್ತಿದ್ದಾರೆ. ಕೊಂಬೆ ಮೊದಲೇ ಒಣಗಿತ್ತು, ಕಾಗೆ ಬಂದದ್ದು ಆ ಗಳಿಗೆಗೆ. ಓದಿದವರು ಇದನ್ನೇ ಕಾಕತಾಳೀಯ ಅಂದರು. ಅಲ್ಲಿ ಕೊಂಬೆಯ ಬದಲು ತಾಳೆಯ ಹಣ್ಣು. ಒಟ್ಟಿಗೆ ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನಬೇಡ ಎಂಬ ಬುದ್ಧಿ ಈ ಮಾತಿನಲ್ಲಿ ಪೂರ್ತಿಯಾಗಿದೆ.

ಇನ್ನು ಬಾದರಾಯಣ ಸಂಬಂಧ. ಆ ಕಥೆಯನ್ನು ಆಪಾ ಕೇಳಿರಲಿಲ್ಲ. ಒಂದು ಮನೆಯ ಮುಂದೆ ಗಾಡಿ ಬಂದು ನಿಂತಿತು. ಇಳಿದವನು ಬಹಳ ದಿನದ ಪರಿಚಯ ಇದ್ದವನ ಹಾಗೆ ಒಳಗೆ ಬಂದ. ಹೆಂಡತಿಯ ಕಡೆಯವನಿರಬೇಕು ಅಂತ ಗಂಡ ಉಪಚಾರ ಮಾಡಿದ, ಗಂಡನ ಕಡೆಯವನಿರಬೇಕು ಅಂತ ಹೆಂಡತಿ ಅಡುಗೆ ಮಾಡಿ ಬಡಿಸಿದಳು. ದಿನಗಳು ಕಳೆದವು. ಕೊನೆಗೆ ಗಂಡ ಹೆಂಡತಿ ಮಾತಾಡಿಕೊಂಡಾಗ ಅವನು ಇಬ್ಬರ ಕಡೆಯವನೂ ಅಲ್ಲ. ತಾವು ನಮಗೆ ಹೇಗಾಗಬೇಕು ಅಂತ ವಿನಯದಿಂದ ಕೇಳಿದರು. ನಿಮ್ಮ ಅಂಗಳದಲ್ಲಿರುವುದು ಬದರಿ ಮರ, ನನ್ನ ಗಾಡಿಯ ಚಕ್ರ ಮಾಡಿರುವುದೂ ಬದರಿ ಮರದಿಂದ, ಅದೇ ನಮ್ಮ ಬಾದರಾಯಣ ಸಂಬಂಧ ಅಂದನಂತೆ. ಬದರಿ ಅಂದರೆ ನಮ್ಮ ಎಲಚಿ. "ಬೇರ್ ಹಣ್ಣಿನ ರಿಶ್ತಾ!" ಅಂತ ಆಪಾ ಗೋಡೆ ಹಿಡಿದುಕೊಂಡು ನಕ್ಕರು. ಇಂಗ್ಲಿಷಿನಲ್ಲಿ ಇದಕ್ಕೆ 'ಟೆನ್ಯುಯಸ್ ಲಿಂಕ್' ಅನ್ನಬಹುದು. ಆದರೆ ಗಾಡಿ, ಅಂಗಳ, ಊಟ ಇರುವ ನಮ್ಮ ಮಾತು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಒಂದೊಂದು ಭಾಷೆ ತನಗೆ ಮುಖ್ಯವಾದ ಕಡೆ ಸೂಕ್ಷ್ಮವಾಗುತ್ತದೆ. ಮನುಷ್ಯರ ನಂಟಿಗೆ ಬಂದರೆ ಇಂಗ್ಲಿಷೇ ಒರಟು. ನಮ್ಮಲ್ಲಿ ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ. ಆಪಾ ಮನೆಯಲ್ಲಿ ಫೂಫಿ ಬೇರೆ, ಖಾಲಾ ಬೇರೆ. ಇಂಗ್ಲಿಷಿನಲ್ಲಿ ಎಲ್ಲರೂ ಆಂಟಿ, ಅವರ ಮಕ್ಕಳೆಲ್ಲ ಕಸಿನ್. ಚಿಕ್ಕಪ್ಪನ ಮಗಳು ತಂಗಿ, ಸೋದರಮಾವನ ಮಗಳನ್ನು ಮದುವೆಯಾಗಬಹುದು ಅನ್ನುವ ನಾಡಿನಲ್ಲಿ ಕಸಿನ್ ಅನ್ನುವ ಒಂದೇ ಪದ ಸಾಲದು. ಮಾನವಶಾಸ್ತ್ರದವರು ಪ್ಯಾರಲಲ್ ಕಸಿನ್, ಕ್ರಾಸ್ ಕಸಿನ್ ಅಂತ ಅದನ್ನು ಎರಡಾಗಿ ಸೀಳಬೇಕಾಯಿತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಲ್ಲಿನ ಮದುವೆ, ಕುಟುಂಬಗಳ ಬಗ್ಗೆ 1942ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ನಮ್ಮ ಮೊಹಲ್ಲಾದ ಮಕ್ಕಳು ಈಗ ಅತ್ತೆ, ಖಾಲಾ ಎರಡನ್ನೂ ಬಿಟ್ಟು ಆಂಟಿ ಅನ್ನುತ್ತಿರುವುದು ನನಗೆ ನಿಜವಾಗಿ ಬೇಸರದ ಸಂಗತಿ. ಯಾರು ಹೇಗೆ ಸಂಬಂಧ ಅನ್ನುವ ತಿಳಿವಳಿಕೆಯೇ ಆ ಪದದ ಜೊತೆ ಹೋಗುತ್ತದೆ.

ಹಾಗಂತ ಹೊರಗಿನ ಪದ ಬೇಡ ಅಂತಲ್ಲ. ಆಪಾ ಬಾಯಲ್ಲಿ ಸಂಬಂಧಕ್ಕೆ ತಾಲ್ಲುಕ್ ಅನ್ನುವ ಪದ ಬರುತ್ತದೆ, ಅರಬ್ಬಿಯಿಂದ ಬಂದದ್ದು. ನಮ್ಮ ತಾಲ್ಲೂಕು ಕಚೇರಿಯ ತಾಲ್ಲೂಕು ಅದೇ. ಈಗ ಅದನ್ನು ಪರಭಾಷೆ ಅಂದರೆ ಯಾವ ಹಳ್ಳಿಯವರೂ ಒಪ್ಪುವುದಿಲ್ಲ.

ಆದ್ದರಿಂದ ಪತ್ರಿಕೆಯ ಡೆಸ್ಕಿನಲ್ಲಿ ಕೂತು ರಾತ್ರಿಯೆಲ್ಲ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ತಮ್ಮ ತಂಗಿಯರಲ್ಲಿ ನನ್ನದೊಂದು ವಿನಂತಿ. ಮೂಲದಲ್ಲಿ ಲಿಂಕ್ ಅಂತ ಇದ್ದರೆ ನಂಟು ಕಂಡುಬಂದಿದೆ ಅಂತ ಬರೆಯಿರಿ. ಕಾರಣ ಅಂತ ಇದ್ದಾಗ ಮಾತ್ರ ಕಾರಣ ಅನ್ನಿ. ತಲೆಬರಹ ಎರಡು ಪದ ಉದ್ದವಾದರೂ ಪರವಾಗಿಲ್ಲ. ಅದನ್ನು ನಂಬಿ ಊಟ, ಔಷಧಿ, ಉಪವಾಸ ಬದಲಾಯಿಸುವವರು ನಮ್ಮ ಬೀದಿಯಲ್ಲಿ ಬಹಳ ಮಂದಿ ಇದ್ದಾರೆ.