ಕಷ್ಟ ಐತೇನು, ಕಷ್ಟ?

(ನವಲಗುಂದ. ಅಮೆರಿಕದ ಕಾಲೇಜುಗಳಿಗೆ ‘ಕಾಮನ್ ಆ್ಯಪ್’ ಅರ್ಜಿ. ಪ್ರಬಂಧ 650 ಪದ ಮೀರಂಗಿಲ್ಲ.)

ಟ್ಯೂಟರ್: ತಮ್ಮಾ, ನಿನ್ನ ಕಷ್ಟ ಹೇಳು.

ಹುಡುಗ: ಅಂಥಾದ್ದೇನಿಲ್ರಿ ಸರ. ಉಂಡುಟ್ಟು ಆರಾಮ ಅದೀವಿ.

ಟ್ಯೂಟರ್: ಛೇ, ಸೀಟು ಹೋತು! 1980ರ ರೈತ ಬಂಡಾಯದಾಗ ನಿಮ್ಮಜ್ಜ ಇದ್ದರೇನು?

ಹುಡುಗ: ಅವತ್ತು ಬೀಗರೂರಿಗೆ ಹೋಗಿದ್ರಂತ್ರಿ.

ಟ್ಯೂಟರ್: 2015ರ ಮಹದಾಯಿ ಹೋರಾಟ?

ಹುಡುಗ: ಧರಣಿ ಪೆಂಡಾಲಿನಾಗ ಚುರಮುರಿ ತಿಂದಿದ್ದೆರಿ.

ಟ್ಯೂಟರ್: ಸಾಕು! ‘ನೀರಿಗಾಗಿ ನನ್ನ ಉಪವಾಸ’ ಅಂತ ಬರೀತೀನಿ.

ಹುಡುಗ: ಸ್ವಂತ ದನಿಯಾಗ ಇರಬೇಕಂತಲ್ರಿ?

ಟ್ಯೂಟರ್: ನಿನ್ನ ಸ್ವಂತ ದನಿ ನನ್ನ ಕಡೆ ತಯಾರೈತಿ. ಹೋದ ವರ್ಷ ಕುಂದಗೋಳದ ಹುಡುಗಗೂ ಅದನ್ನ ಕೊಟ್ಟಿದ್ದೆ. ಫೀ ತಂದೀಯೇನು?

ಹುಡುಗ: ತಂದೀನ್ರಿ. ಅಪ್ಪ ಎತ್ತು ಮಾರ್ಯಾನ್ರಿ.

ಟ್ಯೂಟರ್: ಸಿಕ್ತು ನೋಡು ಕಷ್ಟ! ಮೊದಲ ಪ್ಯಾರಾ ಅದ ಆಗ್ಲಿ. ಯಾಕ ಮಾರಿದ್ರು ಅಂತ ಮಾತ್ರ ಬರೀಬ್ಯಾಡ.