ಸ್ಟೇಷನ್ ರಾಯರು

ಬೆಂಗಳೂರಿನ ಹೊರವಲಯದ ಯಾವ ರೈಲು ನಿಲ್ದಾಣಕ್ಕೇ ಹೋಗಿ, ಮೂರು ಸಂಗತಿಗಳು ಕಣ್ಣಿಗೆ ಬೀಳದೆ ಇರುವುದಿಲ್ಲ: ಮೂರು ಭಾಷೆಯ ಹಳದಿ ಬೋರ್ಡು, ನೆರಳಿಗೊಂದು ಹೊಂಗೆ ಮರ, ಮತ್ತು ಆ ನಿಲ್ದಾಣವನ್ನು ಉದ್ಧಾರ ಮಾಡಲೆಂದೇ ನಿವೃತ್ತರಾದ ಒಬ್ಬ ರಾಯರು. ರಾಯರು ಎಂಬುದು ಕರೆಯುವ ಅನುಕೂಲಕ್ಕೆ. ಗೌಡರೂ ಆಗಬಹುದು, ಶೆಟ್ಟರೂ ಆಗಬಹುದು, ಕಾರ್ಮೆಲರಾಂ ಕಡೆಯಾದರೆ ಫೆರ್ನಾಂಡಿಸರೂ ಆಗಬಹುದು. ಎಚ್‌ಎಎಲ್ಲೋ ಐಟಿಐಯೋ ಬಿಇಎಂಎಲ್ಲೋ, ಇಲ್ಲವೇ ಯಾವುದಾದರೊಂದು ಬ್ಯಾಂಕು, ಅಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ಬಂದವರು. ಕಂಕುಳಲ್ಲಿ ಜಿಪ್ ಹಾಕಿದ ಪ್ಲಾಸ್ಟಿಕ್ ಫೈಲು, ಜೇಬಿನಲ್ಲಿ ಸ್ಟೀಲ್ ಟೇಪು. ಮದುವೆ ಮನೆಯಲ್ಲಿ ಎದುರಾದವರನ್ನು ಅವರು ಊಟ ಆಯಿತೇ ಎಂದು ಕೇಳುವುದಿಲ್ಲ. ‘ನಿಮ್ಮ ಕಡೆ ಪ್ಲಾಟ್‌ಫಾರ್ಮು ಎಷ್ಟು ಎತ್ತರ ಇದೆ?’ ಎಂದು ಕೇಳುತ್ತಾರೆ. ಹಾಗಾಗಿ ಅವರ ಪಂಕ್ತಿಯಲ್ಲಿ ಅಕ್ಕಪಕ್ಕದ ಎಲೆಗಳು ಖಾಲಿಯೇ ಉಳಿಯುತ್ತವೆ. ಅನ್ನ ಬಡಿಸಿದರೆ ಅದಕ್ಕೂ ಸ್ವೀಕೃತಿ ಕೊಡುತ್ತಾರೆ ಎಂದು ಮನೆಯವರೇ ಆಡಿಕೊಳ್ಳುತ್ತಾರೆ. ಇಂಥವರನ್ನು ಕಂಡು ನಗಬಾರದೆಂದು ಯಾರೂ ಹೇಳಲಾರರು. ನನ್ನ ತಕರಾರು ಬೇರೆ: ಈ ನಗುವಿನ ವಿಳಾಸ ತಪ್ಪಾಗಿದೆ. ರಾಯರ ಒಂದೊಂದು ವಿಚಿತ್ರದ ಬೆನ್ನು ಹತ್ತಿ ಹೋದರೆ ರೈಲ್ವೆಯ ಒಂದೊಂದು ನಿಯಮ ಸಿಗುತ್ತದೆ. ಇಲಾಖೆ ಯಾವ ಆಕಾರದ ಮನುಷ್ಯನ ಮಾತು ಕೇಳುತ್ತದೋ ಆ ಆಕಾರಕ್ಕೆ ರಾಯರು ತಮ್ಮನ್ನು ತಾವೇ ಬಗ್ಗಿಸಿಕೊಂಡಿದ್ದಾರೆ, ಅಷ್ಟೇ.

ಅವರ ಪತ್ರವನ್ನೇ ತೆಗೆದುಕೊಳ್ಳಿ. ‘ವಿಷಯ’ ಎಂಬುದು ಎರಡು ಸಾಲು, ‘ಉಲ್ಲೇಖ’ ಎಂಬುದು ಒಂದೂವರೆ ಪುಟ. ಪತ್ರದ ಹೂರಣ ಹುಡುಕಿದರೆ ಸಿಗುವುದು ಒಂದು ದೀಪ, ಒಂದು ನಲ್ಲಿ, ಬಿಸಿಲಿಗೊಂದು ಶೀಟಿನ ಚಾವಣಿ. ಒಂದು ದೀಪ ಕೇಳಲು ಇಷ್ಟು ಕಾಗದವೇ ಎಂದು ಹುಬ್ಬೇರಿಸುವವರು ಒಮ್ಮೆ ಆ ದೀಪವನ್ನು ಕೇಳಿ ನೋಡಬೇಕು. ದೀಪ ಎಲೆಕ್ಟ್ರಿಕಲ್ ವಿಭಾಗದ್ದು, ಚಾವಣಿ ಎಂಜಿನಿಯರಿಂಗ್ ವಿಭಾಗದ್ದು, ಟಿಕೆಟ್ ಕಿಂಡಿ ಕಮರ್ಷಿಯಲ್ ವಿಭಾಗದ್ದು, ರೈಲು ನಿಲ್ಲುವುದು ಬಿಡುವುದು ಆಪರೇಟಿಂಗ್ ವಿಭಾಗದ್ದು. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಗುಂಡಿಬಿದ್ದ ರಸ್ತೆ ಪಾಲಿಕೆಯದು. ಆ ಪಾಲಿಕೆಯೂ 2025ರಲ್ಲಿ ಒಂದಿದ್ದದ್ದು ಐದಾಗಿ, ತಮ್ಮ ಗುಂಡಿ ಈಗ ಯಾವ ದಿಕ್ಕಿನ ಪಾಲಿಕೆಗೆ ಸೇರಿತು ಎಂದು ತಿಳಿಯಲು ರಾಯರು ಇನ್ನೊಂದು ಅರ್ಜಿ ಹಾಕಬೇಕಾಯಿತು. ಇತ್ತ ರೈಲ್ವೆಯ ವಿಭಾಗೀಯ ಕಚೇರಿ ಬೆಂಗಳೂರಿನಲ್ಲಿ, ವಲಯ ಕಚೇರಿ ಹುಬ್ಬಳ್ಳಿಯಲ್ಲಿ, ರೈಲ್ವೆ ಮಂಡಳಿ ದೆಹಲಿಯಲ್ಲಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದರೆ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಅದೇ ಕಾಯ್ದೆಯ 6(3)ನೇ ಕಲಮು, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಅರ್ಜಿಯನ್ನು ಪಕ್ಕದ ಕಚೇರಿಗೆ ದಾಟಿಸಲು ದಾರಿ ಮಾಡಿಕೊಟ್ಟಿದೆ. ಹೀಗೆ ಮೇಜಿನಿಂದ ಮೇಜಿಗೆ ಹಾರುವ ಕಾಗದದ ಬಾಲ ಹಿಡಿಯಬೇಕಾದರೆ ಉಲ್ಲೇಖದ ಸಂಖ್ಯೆ, ತಾರೀಕು, ಮೊಹರು ಬೇಕೇಬೇಕು. ನಾಲ್ಕು ಸಾಲಿನಲ್ಲಿ ಸುಂದರವಾಗಿ ಬರೆದ ಮನವಿ ಟಪಾಲಿನವರ ಮೇಜಿನಲ್ಲೇ ಕಣ್ಣು ಮುಚ್ಚುತ್ತದೆ. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದಾಗ ಊರಿನವರಿಗೆ ಗೊತ್ತೇ ಆಗಲಿಲ್ಲ. ರಾಯರು ಮಾತ್ರ ಸೂತಕ ಆಚರಿಸಿದಂತೆ ಇದ್ದರು.

ಇನ್ನು ಅವರ ಎಣಿಕೆಯ ಹುಚ್ಚು. ಬೆಳಗಿನ ಮೆಮು ರೈಲು ಬರುವ ಹೊತ್ತಿಗೆ ಮರದ ಕೆಳಗೆ ನಿಂತು, ಇಳಿದವರೆಷ್ಟು ಹತ್ತಿದವರೆಷ್ಟು ಎಂದು ಹಳೆಯ ಡೈರಿಯಲ್ಲಿ ಐದೈದರ ಗೀಟು ಹಾಕುತ್ತಾರೆ. ನೋಡಿದವರು ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆದರೆ ರೈಲ್ವೆ ನಿಲ್ದಾಣಗಳಿಗೂ ಜಾತಕ ಉಂಟು. 2017ರಿಂದ ಅವುಗಳನ್ನು ಪ್ರಯಾಣಿಕರ ಸಂಖ್ಯೆ, ಟಿಕೆಟ್ ಆದಾಯ ನೋಡಿ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಮೇಲುತುದಿಯಲ್ಲಿ ವರ್ಷಕ್ಕೆ 500 ಕೋಟಿ ರೂಪಾಯಿಗೂ ಮೇಲೆ ದುಡಿಯುವ ದೊಡ್ಡ ಜಂಕ್ಷನ್ನುಗಳು, ಕೆಳತುದಿಯಲ್ಲಿ 5 ಲಕ್ಷದೊಳಗೆ ದುಡಿಯುವ ಹಾಲ್ಟುಗಳು. ಯಾವ ದರ್ಜೆಗೆ ಎಷ್ಟು ನಲ್ಲಿ, ಎಷ್ಟು ಬೆಂಚು, ಎಷ್ಟು ನೆರಳು ಎಂಬುದು ಇದರ ಮೇಲೆ ನಿಂತಿದೆ. ಹತ್ತು ರೂಪಾಯಿಯ ಕನಿಷ್ಠ ದರದಲ್ಲಿ 5 ಲಕ್ಷ ಮುಟ್ಟಬೇಕಾದರೆ ವರ್ಷಕ್ಕೆ 50,000 ಟಿಕೆಟ್, ಅಂದರೆ ದಿನಕ್ಕೆ ಸುಮಾರು 137 ಮಾರಬೇಕು. ಕಿಂಡಿ ಸರಿಯಾಗಿ ತೆರೆಯದ ಕಡೆ ಮಾರುವವರು ಯಾರು? ದಿನಾ ಓಡಾಡುವವನು ಮಾಸಿಕ ಪಾಸನ್ನು ನಗರದೊಳಗಿನ ದೊಡ್ಡ ನಿಲ್ದಾಣದಲ್ಲಿ ಕೊಂಡರೆ ದುಡ್ಡು ಅಲ್ಲಿನ ಲೆಕ್ಕಕ್ಕೆ, ಧೂಳು ಇಲ್ಲಿನ ಲೆಕ್ಕಕ್ಕೆ. ಆದಾಯವಿಲ್ಲ ಎಂದು ಸೌಲಭ್ಯವಿಲ್ಲ, ಸೌಲಭ್ಯವಿಲ್ಲ ಎಂದು ಜನ ಬರುವುದಿಲ್ಲ, ಜನ ಬರುವುದಿಲ್ಲ ಎಂದು ಆದಾಯವಿಲ್ಲ. ಹುಚ್ಚು ಬಿಡುವತನಕ ಮದುವೆಯಾಗುವುದಿಲ್ಲ, ಮದುವೆಯಾಗುವತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಇಷ್ಟು ಚೊಕ್ಕವಾಗಿ ಆಡಳಿತಕ್ಕೆ ಇಳಿಸಿದವರು ಇನ್ನೊಬ್ಬರಿಲ್ಲ. ಇಲಾಖೆಯ ಅಂಕಿ ಟಿಕೆಟ್ಟನ್ನು ಎಣಿಸುತ್ತದೆ, ರಾಯರ ಗೀಟು ಕಾಲುಗಳನ್ನು ಎಣಿಸುತ್ತದೆ. ಎರಡರಲ್ಲಿ ಯಾವುದು ಹುಚ್ಚು ಎಂದು ಥಟ್ಟನೆ ತೀರ್ಮಾನಿಸುವುದು ಕಷ್ಟ.

ಸ್ಟೀಲ್ ಟೇಪಿನ ಕಥೆಯೂ ಇಂಥದ್ದೇ. ಎತ್ತರದ ಪ್ಲಾಟ್‌ಫಾರ್ಮ್ ಎಂದರೆ ಹಳಿಯಿಂದ 760ರಿಂದ 840 ಮಿಲಿಮೀಟರ್ ಇರಬೇಕೆಂದು ರೈಲ್ವೆಯ ಅಳತೆ. ಹಳಿಮಟ್ಟದ ಪ್ಲಾಟ್‌ಫಾರ್ಮ್ ಎಂಬ ಇನ್ನೊಂದು ಜಾತಿಯಿದೆ. ಹೆಸರಷ್ಟೇ ಪ್ಲಾಟ್‌ಫಾರ್ಮ್, ಮಿಕ್ಕಂತೆ ಅದು ಜಲ್ಲಿ ಹರಡಿದ ನೆಲ. ಬೋಗಿಯ ನೆಲ ಹಳಿಯಿಂದ ಒಂದು ಮೀಟರಿಗೂ ಮೇಲಿರುತ್ತದೆ. ಅಂಥ ಕಡೆ ರೈಲು ಹತ್ತುವ ಕ್ರಮವನ್ನು ಒಮ್ಮೆ ಗಮನಿಸಿ. ಹೂವಿನ ಬುಟ್ಟಿಯ ಹೆಂಗಸು ಮೊದಲು ಬುಟ್ಟಿಯನ್ನು ಬಾಗಿಲಲ್ಲಿ ನಿಂತವರ ಕೈಗೆ ಎತ್ತಿ ಕೊಡುತ್ತಾಳೆ. ಆಮೇಲೆ ಚಪ್ಪಲಿ ಕಳಚಿ ಒಳಗೆ ಎಸೆಯುತ್ತಾಳೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಮಂಡಿಯನ್ನು ಎದೆಮಟ್ಟಕ್ಕೆ ತಂದು ಮೇಲಿನ ಮೆಟ್ಟಿಲಿಗೆ ಊರುತ್ತಾಳೆ. ಹಿಂದಿನಿಂದ ಯಾರೋ ‘ಹತ್ತಮ್ಮ ಹತ್ತಮ್ಮ’ ಎನ್ನುತ್ತಿರುತ್ತಾರೆ. ರೈಲು ನಿಲ್ಲುವುದು ಒಂದೋ ಎರಡೋ ನಿಮಿಷ. ಅದೇ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಬಳಕೆಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಪೂರ್ತಿ ಹವಾನಿಯಂತ್ರಿತ. ಖರ್ಚು ಸುಮಾರು 314 ಕೋಟಿ. ಅದು ಬೇಡವಾಗಿತ್ತು ಎಂದು ರಾಯರೂ ಹೇಳುವುದಿಲ್ಲ. ದೂರದೂರಿಗೆ ತಿಂಗಳಿಗೊಮ್ಮೆ ಹೋಗುವವನಿಗೆ ತಂಪು ಗಾಳಿ, ದಿನಕ್ಕೆರಡು ಸಲ ಹತ್ತಿಳಿಯುವವಳಿಗೆ ಜಲ್ಲಿಕಲ್ಲು ಎಂಬ ಹಂಚಿಕೆಯನ್ನು ಮಿಲಿಮೀಟರಿನಲ್ಲಿ ಬರೆದು ತೋರಿಸುತ್ತಾರೆ. ಏಕೆಂದರೆ ‘ತುಂಬಾ ತೊಂದರೆಯಾಗುತ್ತಿದೆ’ ಎಂದು ಬರೆದರೆ ‘ಗಮನಿಸಲಾಗಿದೆ’ ಎಂಬ ಉತ್ತರ ಬರುತ್ತದೆ. 760 ಇರಬೇಕಾದಲ್ಲಿ ಎಷ್ಟಿದೆ ಎಂದು ಬರೆದರೆ ಯಾರಾದರೊಬ್ಬ ಎಂಜಿನಿಯರ್ ಮತ್ತೊಂದು ಟೇಪು ಹಿಡಿದು ಬರಲೇಬೇಕಾಗುತ್ತದೆ.

ಇಷ್ಟಾದ ಮೇಲೂ ಒಂದು ಚುಚ್ಚುಮಾತು ಉಳಿಯುತ್ತದೆ: ಈ ಮಹಾನುಭಾವರು ರೈಲಿನಲ್ಲಿ ಓಡಾಡುವುದೇ ಇಲ್ಲವಲ್ಲ? ನಿಜ. ವಿಭಾಗೀಯ ವ್ಯವಸ್ಥಾಪಕರ (ಡಿಆರ್‌ಎಂ) ಕಚೇರಿಗೆ ರೈಲಿನ ಪರವಾಗಿ ಅರ್ಜಿ ಕೊಡಲು ಅವರು ಮಗನ ಕಾರಿನಲ್ಲಿ ಹೋಗುತ್ತಾರೆ; ಆ ಹನ್ನೊಂದು ಗಂಟೆಯ ಹೊತ್ತಿಗೆ ಅವರ ನಿಲ್ದಾಣದಲ್ಲಿ ನಿಲ್ಲುವ ರೈಲೇ ಇಲ್ಲ ಎಂಬುದು ಬೇರೆ ಮಾತು. ಆದರೆ ಓಡಾಡುವವರು ಯಾರು ನೋಡಿ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರಿನಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಬಂದು ರಾತ್ರಿ ಮನೆ ಸೇರುವ ಸಾವಿರಾರು ಜನ ಇದ್ದಾರೆ: ಸೆಕ್ಯುರಿಟಿಯವರು, ಗಾರ್ಮೆಂಟ್ಸಿನವರು, ಆಸ್ಪತ್ರೆಯ ಆಯಾಗಳು. ಕಚೇರಿ ತೆರೆದಿರುವ ಹೊತ್ತಿನಲ್ಲಿ ಅವರು ಕೆಲಸದಲ್ಲಿರುತ್ತಾರೆ; ಮನವಿ ಕೊಡಲು ಒಂದು ದಿನ ತಪ್ಪಿಸಿಕೊಂಡರೆ ಒಂದು ದಿನದ ಸಂಬಳ ಹೋಯಿತು. ಅರ್ಜಿ ಕೊಡುವುದಕ್ಕೆ ಬೇಕಾದದ್ದು ಕಷ್ಟ ಅಲ್ಲ, ಬಿಡುವು. ಬಿಡುವಿರುವುದು ಪಿಂಚಣಿದಾರರಿಗೆ. ಇನ್ನೊಂದು ಗುಸುಗುಸು: ಸ್ಟೇಷನ್ ಹತ್ತಿರ ರಾಯರದ್ದೊಂದು 30-40 ಸೈಟಿದೆ, ಅದರ ಬೆಲೆ ಏರಲಿ ಎಂದೇ ಇಷ್ಟೆಲ್ಲ. ಇರಲಿ ಬಿಡಿ. ಲೇಔಟ್ ಮಾಡುವವರು ‘ರೈಲ್ವೆ ಸ್ಟೇಷನ್ನಿಗೆ ಐದೇ ನಿಮಿಷ’ ಎಂದು ಬೋರ್ಡು ಹಾಕಿ ಲಾಭ ಮಾಡಿಕೊಂಡು ಹೋದರು, ಸ್ಟೇಷನ್ನಿಗೆ ಒಂದು ಬಲ್ಬೂ ಕೇಳಲಿಲ್ಲ. ಅದೇ ಲಾಭದ ಆಸೆಗೆ ರಾಯರು ಬಲ್ಬು ಹಾಕಿಸಿದರೆ ಅದರ ಬೆಳಕು ಸೈಟಿನ ಖಾತೆ ನೋಡಿ ಬೀಳುವುದಿಲ್ಲ.

ಆದರೆ ರಾಯರನ್ನು ಪೂರ್ತಿ ಸಮರ್ಥಿಸಲು ನನ್ನಿಂದ ಆಗದು. ಹದಿನಾಲ್ಕು ಬೇಡಿಕೆಗಳ ಅವರ ಪಟ್ಟಿಯಲ್ಲಿ ಕುಡಿಯುವ ನೀರು ಹನ್ನೊಂದನೆಯದು, ಹೆಂಗಸರ ಶೌಚಾಲಯ ಹನ್ನೆರಡನೆಯದು. ಮೊದಲನೆಯದು ವಂದೇ ಭಾರತ್ ನಿಲುಗಡೆ. ಇಲ್ಲಿ ಇಲಾಖೆಯ ಆಕ್ಷೇಪದಲ್ಲಿ ಹುರುಳಿದೆ. ದೂರದ ವೇಗದ ಗಾಡಿಯನ್ನು ಒಂದು ನಿಲ್ದಾಣದಲ್ಲಿ ನಿಲ್ಲಿಸುವುದೆಂದರೆ ನಿಂತ ನಿಮಿಷವಷ್ಟೇ ಖರ್ಚಲ್ಲ; ವೇಗ ಇಳಿಸಿ ಮತ್ತೆ ಏರಿಸುವ ನಿಮಿಷಗಳೂ ಸೇರಿ, ಹಿಂದೆ ಬರುವ ಗಾಡಿಗಳೂ ಕಾಯುತ್ತವೆ. ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ, ಆನೇಕಲ್ ರೋಡ್ ಎಂದು ಒಂದೊಂದು ಕಡೆಯ ರಾಯರೂ ಒಂದೊಂದು ಎಕ್ಸ್‌ಪ್ರೆಸ್ ನಿಲ್ಲಿಸಿದರೆ ಅದನ್ನು ಎಕ್ಸ್‌ಪ್ರೆಸ್ ಎಂದು ಕರೆಯುವುದು ಚೇಷ್ಟೆಯಾದೀತು. ನಿಲುಗಡೆಯ ಆಸೆಯಲ್ಲಿ ಊರಿನ ಪ್ರತಿಷ್ಠೆ ಇದೆ, ಸಂಸದರು ಹಸಿರು ಬಾವುಟ ಬೀಸುವಾಗ ಪಕ್ಕದಲ್ಲಿ ನಿಲ್ಲುವ ಫೋಟೋ ಇದೆ. ಹೂವಿನ ಬುಟ್ಟಿಯವಳು ಮಾತ್ರ ಇಲ್ಲ. ಅವಳಿಗೆ ಬೇಕಾದದ್ದು ಏಳು ಗಂಟೆಯ ಮೆಮು ಏಳಕ್ಕೇ ಬರುವುದು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದನೆಯ ಬೇಡಿಕೆ ಕಾರ್ಯಸಾಧ್ಯವಲ್ಲ ಎಂದು ಬರೆಯುವ ಗುಮಾಸ್ತ ಅದೇ ಸಾಲಿನಲ್ಲಿ ಮಿಕ್ಕ ಹದಿಮೂರನ್ನೂ ಮುಗಿಸಿಬಿಡುತ್ತಾನೆ. ಮೂವತ್ತು ವರ್ಷ ಆಫೀಸಿನಲ್ಲಿ ಕೂತ ರಾಯರಿಗೆ ಇಷ್ಟು ಗೊತ್ತಾಗಬೇಡವೇ?

ಎಲ್ಲದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಉಪನಗರ ರೈಲೇ ಬರುತ್ತಿರುವಾಗ ಈ ಹಳೆಯ ನಿಲ್ದಾಣಗಳಿಗೆ ತೇಪೆ ಏಕೆ? 148 ಕಿಲೋಮೀಟರ್, ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿಯ ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಮಾರ್ಗಗಳಿಗೆ ಹೂವಿನ ಹೆಸರು. ಹೂವು ಆರಿಸಿ ಆಯಿತು, ದಾರ ಇನ್ನೂ ಬರಬೇಕು. ಕೆಲಸ ಮುಗಿಸಲು ಅಂದು ಹೇಳಿದ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಊರಿಗೆ ಇಂಥ ರೈಲು ಬೇಕೆಂಬ ಪ್ರಸ್ತಾಪವೇ 1983ರಷ್ಟು ಹಳೆಯದು. ಆಗ ಹುಟ್ಟಿದ ಕೂಸಿಗೆ ಈಗ ನಲವತ್ತು ದಾಟಿ ಮಂಡಿನೋವು ಶುರುವಾಗಿರುತ್ತದೆ, ಎತ್ತರದ ಪ್ಲಾಟ್‌ಫಾರ್ಮ್ ಇಲ್ಲದೆ ಹತ್ತಲಾರದು. ಬರುವುದು ಬರಲಿ, ಬಂದಾಗ ಸಂತೋಷ. ಅಲ್ಲಿಯವರೆಗೆ ನಿಂತಿರುವವರಿಗೆ ನೆರಳು ಬೇಡ ಎನ್ನುವುದು ಯಾವ ನ್ಯಾಯ? ಕೇಳಿದ್ದರಿಂದ ಏನೂ ಆಗುವುದಿಲ್ಲ ಎಂಬುದೂ ನಿಜವಲ್ಲ. ಹೂಡಿ ಹಾಲ್ಟ್ ವೈಟ್‌ಫೀಲ್ಡ್ ಕಡೆಯ ನಾಗರಿಕರು ಬೆನ್ನು ಬಿಡದೆ ಕೇಳಿ ಪಡೆದದ್ದು. 2016ರಲ್ಲಿ ‘ಚುಕುಬುಕು ಬೇಕು’ ಎಂದು ಜನ ಫಲಕ ಹಿಡಿದು ನಿಂತದ್ದನ್ನು ಮರೆತು ಈ ಹೂವಿನ ಮಾರ್ಗಗಳ ಚರಿತ್ರೆ ಬರೆಯಲಾಗದು.

ಈಗಿನ ಹುಡುಗರು ರಾಯರಷ್ಟು ಕಾಯುವುದಿಲ್ಲ. ಕೆಟ್ಟ ದೀಪದ ಫೋಟೋ ತೆಗೆದು ರೈಲ್ವೆಯ ಖಾತೆಗೆ ಟ್ಯಾಗ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ, ನಿಮ್ಮ ಮೊಬೈಲ್ ಸಂಖ್ಯೆ ಕಳಿಸಿ, ಕೂಡಲೇ ಗಮನ ಹರಿಸುತ್ತೇವೆ ಎಂಬ ಸವಿನಯ ಉತ್ತರ ಬರುತ್ತದೆ. ಬೋಗಿಯ ಫ್ಯಾನು, ಬೆಡ್‌ಶೀಟಿನ ವಿಚಾರಕ್ಕೆ ಈ ದಾರಿ ಒಳ್ಳೆಯದೇ, ಕೆಲಸ ಆಗುತ್ತದೆ. ಪ್ಲಾಟ್‌ಫಾರ್ಮ್ ಎತ್ತರಿಸುವುದು, ಮೇಲ್ಸೇತುವೆ ಕಟ್ಟುವುದು ಹಾಗಲ್ಲ. ಅದಕ್ಕೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು ಎಂಬ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿನಲ್ಲೂ ಹಿಂದಿನ ಕಾಗದದ ಸಂಖ್ಯೆ ಕೇಳುತ್ತಾರೆ. ಆಗ ಹುಡುಗರು ಸಂಜೆ ಹೊತ್ತು ರಾಯರ ಮನೆಯ ಗೇಟು ತಟ್ಟಿ, ‘ಅಂಕಲ್, ಆ ಹಳೆಯ ಆರ್‌ಟಿಐ ಉತ್ತರ ಇದೆಯಾ?’ ಎನ್ನುತ್ತಾರೆ. ರಾಯರು ಅದನ್ನು ವಾಟ್ಸಾಪಿನಲ್ಲಿ ಕಳಿಸುವುದಿಲ್ಲ. ಮೂಲ ಪ್ರತಿ ಕೈಬಿಟ್ಟು ಕೊಡುವುದೂ ಇಲ್ಲ. ಮೂಲೆ ಅಂಗಡಿಗೆ ತಾವೇ ಜೊತೆಯಲ್ಲಿ ಹೋಗಿ, ಎರಡೂ ಬದಿ ಝೆರಾಕ್ಸ್ ಮಾಡಿಸಿ, ಹುಡುಗರ ಕೈಯಲ್ಲೇ ದುಡ್ಡು ಕೊಡಿಸಿ, ಕೊಟ್ಟದ್ದಕ್ಕೆ ಒಂದು ಸಹಿ ಹಾಕಿಸಿಕೊಂಡು ಬರುತ್ತಾರೆ.